ಹುಳು ಬಿದ್ದ ವಾರ ಹೊಲದಲ್ಲಿ ಯಾರಿರುತ್ತಾರೆ? ರೈತರಿಗೆ ಕೀಟ ನಿರ್ವಹಣೆ ಕಲಿಸುವ ಪ್ರಶ್ನೆಯ ಸಮೀಕ್ಷೆ

ತೊಗರಿ ಹೂವಿನ ಮೇಲೆ ಪತಂಗ ಇಟ್ಟ ಮೊಟ್ಟೆ ಒಡೆಯಲು ಮೂರ್ನಾಲ್ಕು ದಿನ ಸಾಕು. ಆಗಷ್ಟೇ ಹೊರಬಿದ್ದ ಕಾಯಿಕೊರಕದ ಮರಿ ಮೊಗ್ಗು, ಹೂವು ಕೆರೆದು ತಿನ್ನುತ್ತ ಎಲೆ ಮರೆಯಲ್ಲಿ ಇರುತ್ತದೆ. ಬದುವಿನ ಮೇಲೆ ನಿಂತವರಿಗೆ ಕಾಣುವುದಿಲ್ಲ. ಬದುವಿನಿಂದಲೇ ಕಾಣುವಷ್ಟು ದಪ್ಪವಾಗುವ ಹೊತ್ತಿಗೆ ಅದು ಕಾಯಿಯೊಳಗೆ ತಲೆ ತೂರಿಸಿರುತ್ತದೆ, ಔಷಧಿಗೂ ಸುಲಭಕ್ಕೆ ಬಗ್ಗುವುದಿಲ್ಲ. ಕಲಬುರಗಿ, ಬೀದರ್, ಯಾದಗಿರಿ ಕಡೆಯ ತೊಗರಿಯ ಅಳಿವು ಉಳಿವು ಬಹುಮಟ್ಟಿಗೆ ತೀರ್ಮಾನವಾಗುವುದು ಇವೆರಡರ ನಡುವಿನ ಒಂದು ವಾರದಲ್ಲಿ. ಆ ವಾರ ರೈತ ಏನನ್ನು ನೋಡಬೇಕು, ಯಾರನ್ನು ಕೇಳಬೇಕು, ಯಾವಾಗ ಕೈಕಟ್ಟಿ ಕೂರಬೇಕು ಎಂಬುದನ್ನು ಕಲಿಸುವುದು ಹೇಗೆ? ನಮ್ಮಲ್ಲಿ ಈ ಪ್ರಶ್ನೆಗೆ ನೂರು ವರ್ಷ ದಾಟಿದೆ. ಉತ್ತರಗಳು ಹಲವಿವೆ, ಒಂದಕ್ಕೊಂದು ಹೊಂದುವುದಿಲ್ಲ.

ಚರ್ಚೆಯೆಲ್ಲ ಸಾಮಾನ್ಯವಾಗಿ ವಿಧಾನದ ಸುತ್ತ ನಡೆಯುತ್ತದೆ: ಉಪನ್ಯಾಸವೋ ಪ್ರಾತ್ಯಕ್ಷಿಕೆಯೋ, ರಾಸಾಯನಿಕವೋ ಕಷಾಯವೋ, ಮೊಬೈಲೋ ಮುಖಾಮುಖಿಯೋ. ನನಗೆ ಇದಕ್ಕಿಂತ ಮುಖ್ಯವಾಗಿ ಕಾಣುವ ಪ್ರಶ್ನೆ ಬೇರೆ. ಹುಳು ಬಿದ್ದ ವಾರ ರೈತನ ಪಕ್ಕದಲ್ಲಿ ಯಾರಿರುತ್ತಾರೆ, ಅವರ ಸಂಬಳ ಎಲ್ಲಿಂದ ಬರುತ್ತದೆ? ಒಂದೊಂದು ಪಂಥವನ್ನೂ ಈ ಪ್ರಶ್ನೆಯ ಎದುರು ನಿಲ್ಲಿಸಿ ನೋಡಿದರೆ ಅವುಗಳ ಬಲ, ದೌರ್ಬಲ್ಯ ಬೇಗ ತಿಳಿಯುತ್ತದೆ.

ಹೆಬ್ಬಾಳದಿಂದ ಹೋಬಳಿಯವರೆಗೆ

1899ರಲ್ಲಿ ಮಹಾರಾಣಿ ಕೆಂಪನಂಜಮ್ಮಣ್ಣಿಯವರು ಹೆಬ್ಬಾಳದಲ್ಲಿ 30 ಎಕರೆ ಜಮೀನು ಕೊಟ್ಟ ಮೇಲೆ ಮೈಸೂರು ಸಂಸ್ಥಾನದಲ್ಲಿ ಕೃಷಿ ಸಂಶೋಧನೆ ನೆಲೆ ಕಂಡಿತು. 1908ರಲ್ಲಿ ಕೆನಡಾ ಮೂಲದ ಲೆಸ್ಲಿ ಕೋಲ್ಮನ್ ಬಂದರು. ಸಸ್ಯರೋಗ, ಕೀಟ ಎರಡೂ ಅವರ ಪಾಲಿನ ಕೆಲಸ. ಬಯಲುಸೀಮೆಯ ಜೋಳಕ್ಕೆ ಬೀಳುತ್ತಿದ್ದ ರೆಕ್ಕೆಯಿಲ್ಲದ ಮಿಡತೆಯ ಮೇಲೆ ಅವರು ಮಾಡಿದ ಅಧ್ಯಯನದ ಗುರುತಾಗಿ ಆ ಮಿಡತೆಯ ಕುಲಕ್ಕೆ 'ಕೋಲ್ಮೇನಿಯಾ' ಎಂದೇ ಹೆಸರಾಯಿತು. 1913ರಲ್ಲಿ ಹೆಬ್ಬಾಳದ ಕೃಷಿ ಶಾಲೆ ಶುರುವಾದದ್ದೂ ಅವರ ಕಾಲದಲ್ಲೇ.

ಕೋಲ್ಮನ್ ಅವರ ಹೆಸರು ಇಂದಿಗೂ ಉಳಿದಿರುವುದು ಮಲೆನಾಡಿನ ಕೊಳೆರೋಗದಿಂದ. ಅಡಿಕೆ ಗೊನೆಗೆ ಕೊಟ್ಟೆ ಕಟ್ಟಿ ಮಳೆ ತಡೆಯುವ ಉಪಾಯ ಬೆಳೆಗಾರರಿಗೆ ಮೊದಲೇ ಗೊತ್ತಿತ್ತು. ಅದರ ಜಾಗಕ್ಕೆ ಮೈಲುತುತ್ತ, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಬಂತು. ಇಂದಿಗೂ ಮಳೆಗಾಲದ ಹೊಸ್ತಿಲಲ್ಲಿ ಮಲೆನಾಡಿನ ತೋಟಗಳಲ್ಲಿ ಅದನ್ನು ಹೊಡೆಯುತ್ತಾರೆ. ಕೃಷಿ ಶಿಕ್ಷಣ ಗೆದ್ದ ಕಥೆ ಎಂದು ಇದನ್ನು ಆಗಾಗ ಉದಾಹರಿಸುತ್ತಾರೆ, ಸರಿಯಾಗಿಯೇ. ಆದರೆ ಅದು ಯಾಕೆ ಗೆದ್ದಿತು ಎಂದು ಕೇಳುವವರು ಕಡಿಮೆ. ಕೊಳೆರೋಗ ಬರುವುದು ಗೊತ್ತಿರುವ ಕಾಲದಲ್ಲಿ, ಗೊತ್ತಿರುವ ಮರಗಳಿಗೆ. ತೋಟದ ಯಜಮಾನ ಊರಲ್ಲೇ ಇರುತ್ತಾನೆ. ಹೊಡೆದ ಮರಕ್ಕೂ ಹೊಡೆಯದ ಮರಕ್ಕೂ ಇರುವ ವ್ಯತ್ಯಾಸ ಅದೇ ಮಳೆಗಾಲದಲ್ಲಿ ಕಣ್ಣಿಗೆ ಕಾಣುತ್ತದೆ. ಹೊಲದ ಬೆಳೆಗೆ ಈ ಯಾವ ಅನುಕೂಲವೂ ಇಲ್ಲ. ಬೆಳೆ ಬದಲಾಗುತ್ತದೆ, ಬಿತ್ತನೆ ಹಿಂದೆ ಮುಂದೆ ಆಗುತ್ತದೆ, ಒಂದು ವರ್ಷ ಮುತ್ತಿಗೆ ಹಾಕಿದ ಹುಳು ಮರುವರ್ಷ ಪತ್ತೆ ಇರುವುದಿಲ್ಲ. ತೋಟದಲ್ಲಿ ಗೆದ್ದ ಮಾದರಿಯನ್ನು ಹೊಲಕ್ಕೆ ಹಾಗೇ ತಂದದ್ದರಿಂದ ಮುಂದಿನ ಎಷ್ಟೋ ತೊಡಕುಗಳು ಹುಟ್ಟಿದವು.

ಸ್ವಾತಂತ್ರ್ಯಾನಂತರದ ಕಥೆ ಬಹುತೇಕರಿಗೆ ಗೊತ್ತಿರುವುದೇ. 1952ರ ಅಕ್ಟೋಬರ್ 2ರಂದು ಸಮುದಾಯ ಅಭಿವೃದ್ಧಿ ಯೋಜನೆ ಆರಂಭವಾಗಿ ಗ್ರಾಮಸೇವಕರು ಊರಿಗೆ ಬಂದರು. ಅರವತ್ತರ ದಶಕದ ಆರಂಭದಲ್ಲಿ ಸಾಂದ್ರ ಕೃಷಿ ಜಿಲ್ಲಾ ಕಾರ್ಯಕ್ರಮಕ್ಕೆ ಮಂಡ್ಯ ಆಯ್ಕೆಯಾಯಿತು; ಬೀಜ, ಗೊಬ್ಬರ, ಔಷಧಿ, ಸಾಲ ಎಲ್ಲವನ್ನೂ ಒಟ್ಟಿಗೆ ಕೊಡುವ ಪದ್ಧತಿ ಬಂತು. 1964ರಲ್ಲಿ ಬೆಂಗಳೂರಿನಲ್ಲಿ ಕೃಷಿ ವಿಶ್ವವಿದ್ಯಾನಿಲಯ, 1986ರಲ್ಲಿ ಧಾರವಾಡದಲ್ಲಿ ಇನ್ನೊಂದು, ಆಮೇಲೆ ರಾಯಚೂರು, ಶಿವಮೊಗ್ಗ. ಈ ನಡುವೆ 1958ರಲ್ಲಿ ಕೇರಳದಲ್ಲಿ ಪ್ಯಾರಾಥಿಯಾನ್ ಬೆರೆತ ಹಿಟ್ಟು ತಿಂದು ನೂರಕ್ಕೂ ಹೆಚ್ಚು ಮಂದಿ ಸತ್ತರು. ಆ ದುರಂತದ ತನಿಖೆಯ ಫಲವಾಗಿ 1968ರ ಕೀಟನಾಶಕ ಕಾಯ್ದೆ ಬಂತು. ಡಬ್ಬಿಯ ಮೇಲಿನ ಕೆಂಪು, ಹಳದಿ, ನೀಲಿ, ಹಸಿರು ಗುರುತು ಈ ಕಾನೂನಿನ ವ್ಯವಸ್ಥೆಯದೇ: ಕೆಂಪೆಂದರೆ ಅತಿ ವಿಷ, ಹಸಿರೆಂದರೆ ಎಲ್ಲಕ್ಕಿಂತ ಕಡಿಮೆ. ಈ ನಾಲ್ಕು ಬಣ್ಣಗಳ ಪಾಠವನ್ನು ಎಷ್ಟು ಊರುಗಳಲ್ಲಿ ಯಾರಾದರೂ ಕೂತು ಹೇಳಿಕೊಟ್ಟಿದ್ದಾರು?

ಹೇಳಿಕೊಡುವ ಪಂಥ

ಮೊದಲನೆಯ ಪಂಥದ ನಂಬಿಕೆ ಸರಳ. ಜ್ಞಾನ ಸಂಶೋಧನಾ ಕೇಂದ್ರದಲ್ಲಿದೆ, ಅದನ್ನು ಹೊಲಕ್ಕೆ ಮುಟ್ಟಿಸಬೇಕು. ಇದರ ಅತ್ಯಂತ ಶಿಸ್ತಿನ ರೂಪ ಇಸ್ರೇಲಿನ ಡೇನಿಯಲ್ ಬೆನೋರ್ ರೂಪಿಸಿ, ವಿಶ್ವಬ್ಯಾಂಕ್ ಹಣ ಕೊಟ್ಟ 'ತರಬೇತಿ ಮತ್ತು ಭೇಟಿ' ಪದ್ಧತಿ. ಎಪ್ಪತ್ತರ ದಶಕದ ಕೊನೆಯ ಹೊತ್ತಿಗೆ ಅದು ನಮ್ಮಲ್ಲೂ ಬೇರೂರಿತು. ಕಾರ್ಯಕರ್ತ ಹದಿನೈದು ದಿನಕ್ಕೊಮ್ಮೆ ತಾನು ತರಬೇತಿ ಪಡೆದು, ಗೊತ್ತಾದ ದಿನ ಗೊತ್ತಾದ ಗುಂಪಿಗೆ ಹೋಗಿ, ಆಯ್ದ 'ಸಂಪರ್ಕ ರೈತ'ರಿಗೆ ಹೇಳಬೇಕು. ಅವರಿಂದ ಉಳಿದವರಿಗೆ ಹಬ್ಬಬೇಕು.

ಬೀಜ ಯಾವುದು, ಸಾಲಿನ ಅಂತರ ಎಷ್ಟು, ಗೊಬ್ಬರ ಯಾವಾಗ ಎಂಬಂಥ ವಿಷಯಕ್ಕೆ ಈ ಏರ್ಪಾಡು ಚೆನ್ನಾಗಿಯೇ ಕೆಲಸ ಮಾಡಿತು. ಇಂಥ ವಿಷಯ ಹದಿನೈದು ದಿನ ತಡೆದುಕೊಳ್ಳುತ್ತದೆ, ಊರಿಗೆಲ್ಲ ಒಂದೇ ಮಾತು ಸಾಲುತ್ತದೆ. ಕಾಯಿಕೊರಕಕ್ಕೆ ಹದಿನೈದು ದಿನವೆಂದರೆ ಮೊಟ್ಟೆಯಿಂದ ದೊಡ್ಡ ಹುಳುವಾಗುವಷ್ಟು ಕಾಲ. ಒಂದು ಭೇಟಿಯಲ್ಲಿ ಇಲ್ಲದ ಹುಳು ಇನ್ನೊಂದು ಭೇಟಿಗೆ ಬೆಳೆ ಮುಗಿಸಿರುತ್ತದೆ. ಹಾಗಾಗಿ ಕೀಟದ ವಿಷಯದಲ್ಲಿ ಈ ಪಂಥ ಮೊರೆಹೋದದ್ದು ಕ್ಯಾಲೆಂಡರಿಗೆ: ಬಿತ್ತಿದ ಇಷ್ಟನೇ ದಿನ ಮೊದಲ ಸಿಂಪಡಣೆ, ಇಷ್ಟನೇ ದಿನ ಎರಡನೆಯದು. ಹುಳು ಇದೆಯೋ ಇಲ್ಲವೋ ನೋಡುವ ಅಗತ್ಯವೇ ಅಲ್ಲಿ ಹೋಯಿತು.

ವಿಶ್ವಬ್ಯಾಂಕಿನ ಹಣ ನಿಂತ ಮೇಲೆ ಭೇಟಿಯೂ ಸೊರಗಿತು. ಹೋಬಳಿಗೊಂದರಂತೆ ರೈತ ಸಂಪರ್ಕ ಕೇಂದ್ರಗಳು, ಜಿಲ್ಲೆಗಳಲ್ಲಿ ಕೃಷಿ ವಿಜ್ಞಾನ ಕೇಂದ್ರಗಳು, ಕೃಷಿ ತಂತ್ರಜ್ಞಾನ ನಿರ್ವಹಣೆಯ 'ಆತ್ಮ' ಯೋಜನೆ, 2009ರ ಭೂಚೇತನ ಕಾರ್ಯಕ್ರಮದ ರೈತ ಅನುವುಗಾರರು, ಹೀಗೆ ಹೊಸ ಹೊಸ ಏರ್ಪಾಡುಗಳು ಬಂದವು. ರೈತ ಸಂಪರ್ಕ ಕೇಂದ್ರದವರಿಗೆ ಬೀಜ ಹಂಚುವ, ಸಬ್ಸಿಡಿ ಅರ್ಜಿ ತೆಗೆದುಕೊಳ್ಳುವ, ಬೆಳೆ ಸಮೀಕ್ಷೆ, ಬೆಳೆ ವಿಮೆಯ ಕೆಲಸ ಮುಗಿದ ಮೇಲೆ ತಾನೇ ಹೊಲ? ಅವರನ್ನು ದೂರುವುದು ಸುಲಭ, ಅವರ ದಿನಚರಿ ನೋಡಿದವರು ಹಾಗೆ ದೂರಲಾರರು.

ಕಣ್ಣಿಗೆ ಕಲಿಸುವ ಪಂಥ

ಎರಡನೆಯ ಪಂಥ ಹುಟ್ಟಿದ್ದು ಮೊದಲನೆಯದರ ಸೋಲಿನಿಂದ. 1959ರಲ್ಲಿ ಕ್ಯಾಲಿಫೋರ್ನಿಯಾದ ನಾಲ್ವರು ಕೀಟಶಾಸ್ತ್ರಜ್ಞರು 'ಸಮಗ್ರ ನಿಯಂತ್ರಣ'ದ ಕಲ್ಪನೆ ಮುಂದಿಟ್ಟರು. ಹುಳು ಇದ್ದ ಮಾತ್ರಕ್ಕೆ ಔಷಧಿ ಬೇಡ, ಸಿಂಪಡಣೆಯ ಖರ್ಚಿಗಿಂತ ಹೆಚ್ಚು ನಷ್ಟ ಮಾಡುವ ಮಟ್ಟಕ್ಕೆ ಅದು ಏರುವ ಮೊದಲು ಕೈಹಾಕಿದರೆ ಸಾಕು ಎಂಬುದು ಅದರ ಸಾರ. ನಮ್ಮ ತೊಗರಿಗೆ ಆ ಮಟ್ಟ ಗಿಡಕ್ಕೆ 2 ಮೊಟ್ಟೆ ಅಥವಾ 1 ಮರಿ ಹುಳು.

ಇದು ರೈತ ಶಾಲೆಯಾಗಿ ರೂಪ ಪಡೆದದ್ದು ಇಂಡೋನೇಷ್ಯಾದ ಗದ್ದೆಗಳಲ್ಲಿ. ಅಲ್ಲಿ ಕೀಟನಾಶಕಕ್ಕೆ ಭಾರೀ ಸಬ್ಸಿಡಿ ಇತ್ತು. ಹೊಡೆದಷ್ಟೂ ಜೇಡಗಳಂಥ ಮಿತ್ರ ಜೀವಿಗಳು ಸತ್ತು ಕಂದು ಜಿಗಿಹುಳು ಹೆಚ್ಚಾಯಿತು. 1986ರಲ್ಲಿ ಅಧ್ಯಕ್ಷ ಸುಹಾರ್ತೋ ಭತ್ತಕ್ಕೆ ಬಳಸುತ್ತಿದ್ದ 57 ಕೀಟನಾಶಕಗಳನ್ನು ಒಂದೇ ಆದೇಶದಲ್ಲಿ ನಿಷೇಧಿಸಿದರು. 1989ರ ಹೊತ್ತಿಗೆ ಸಬ್ಸಿಡಿಯೂ ಹೋಯಿತು. ಅದೇ ವರ್ಷ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯಾದ ಎಫ್‌ಎಒ ಬೆಂಬಲದೊಂದಿಗೆ ಯೋಗ್ಯಕರ್ತದಲ್ಲಿ ಮೊದಲ ರೈತ ಕ್ಷೇತ್ರ ಪಾಠಶಾಲೆಗಳು ತೆರೆದವು. ಈ ಅನುಕ್ರಮ ಮರೆಯಬಾರದು: ಮೊದಲು ನಿಷೇಧ, ಆಮೇಲೆ ಶಾಲೆ. ನಾವು ಶಾಲೆಯನ್ನು ತಂದೆವು, ಅದರ ಹಿಂದಿದ್ದ ಆದೇಶವನ್ನು ತರಲಿಲ್ಲ.

ಭಾರತ 1985ರಲ್ಲೇ ಸಮಗ್ರ ಕೀಟ ನಿರ್ವಹಣೆಯನ್ನು ನೀತಿಯಾಗಿ ಒಪ್ಪಿತ್ತು. ತೊಂಬತ್ತರ ದಶಕದಲ್ಲಿ ಕೇಂದ್ರದ ಸಮಗ್ರ ಕೀಟ ನಿರ್ವಹಣಾ ಕೇಂದ್ರಗಳು ಕ್ಷೇತ್ರ ಪಾಠಶಾಲೆ ಶುರುಮಾಡಿದವು. 1999ರಿಂದ ಐದು ವರ್ಷ ಎಫ್‌ಎಒ ಮತ್ತು ಐರೋಪ್ಯ ಒಕ್ಕೂಟದ ಹತ್ತಿ ಕಾರ್ಯಕ್ರಮ ಏಷ್ಯಾದ ಆರು ದೇಶಗಳಲ್ಲಿ ನಡೆಯಿತು, ಭಾರತವೂ ಅದರಲ್ಲಿತ್ತು. ಬೆಂಗಳೂರಿನ ಎಎಂಇ ಪ್ರತಿಷ್ಠಾನ ಮಳೆಯಾಶ್ರಿತ ಪ್ರದೇಶಗಳಲ್ಲಿ ಈ ಮಾದರಿಯನ್ನು ಬೆಳೆಸಿತು.

ಪಾಠಶಾಲೆ ನಡೆಯುವ ಬಗೆ ನೋಡುವಂತಿರುತ್ತದೆ. ಇಪ್ಪತ್ತೈದು ಮೂವತ್ತು ಜನ ರೈತರು ಹಂಗಾಮಿನುದ್ದಕ್ಕೂ ವಾರಕ್ಕೊಂದು ಬೆಳಿಗ್ಗೆ ಒಂದೇ ಹೊಲದಲ್ಲಿ ಸೇರುತ್ತಾರೆ. ನಾಲ್ಕೈದು ಜನರ ಗುಂಪುಗಳಾಗಿ ಸಾಲಿಗಿಳಿದು ಗಿಡದ ಎಲೆ, ಕುಡಿ, ಹೂವು, ಕಾಯಿ ಮಗುಚಿ ಎಣಿಸುತ್ತಾರೆ. ಆಮೇಲೆ ಮರದ ನೆರಳಲ್ಲಿ ಡ್ರಾಯಿಂಗ್ ಶೀಟ್ ಹಾಸಿ ನಡುವೆ ಬೆಳೆಯ ಚಿತ್ರ, ಒಂದು ಬದಿಗೆ ಬೆಳೆ ತಿನ್ನುವ ಹುಳುಗಳು, ಇನ್ನೊಂದು ಬದಿಗೆ ಆ ಹುಳುಗಳನ್ನು ತಿನ್ನುವ ಜೇಡ, ಗುಲಗಂಜಿ ಹುಳು, ಹಸಿರು ಜಾಲರೆಕ್ಕೆ ಕೀಟ ಬರೆಯುತ್ತಾರೆ. ಮೇಲೆ ಸೂರ್ಯನೋ ಮೋಡವೋ. ಶಾಲೆ ಬಿಟ್ಟು ಮೂವತ್ತು ವರ್ಷವಾದವರು ಸ್ಕೆಚ್ ಪೆನ್ನು ಹಿಡಿದು ಮೊದಲ ವಾರ ನಾಚುತ್ತಾರೆ, ಮೂರನೇ ವಾರದ ಹೊತ್ತಿಗೆ ಜೇಡಕ್ಕೆ ಎಂಟು ಕಾಲೋ ಆರೋ ಎಂದು ಜಗಳ ಕಾಯುತ್ತಾರೆ. ಒಂದು ಗಾಜಿನ ಬಾಟಲಿಗೆ ಬಟ್ಟೆ ಕಟ್ಟಿ ಒಳಗೆ ಗುಲಗಂಜಿ ಹುಳುವನ್ನೂ ಸಸ್ಯಹೇನುಗಳಿರುವ ಎಲೆಯನ್ನೂ ಬಿಟ್ಟು, ಮರುದಿನ ಎಷ್ಟು ಹೇನು ಉಳಿದಿವೆ ಎಂದು ಅವರೇ ಎಣಿಸುತ್ತಾರೆ. ಕೊನೆಗೆ ಈ ವಾರ ಹೊಡೆಯಬೇಕೋ ಬೇಡವೋ ಎಂಬ ತೀರ್ಮಾನ ಗುಂಪಿನದು.

ಕಲಿಯುವವರ ಮಟ್ಟಿಗೆ ಇದು ಗಟ್ಟಿ ವಿದ್ಯೆ ಎಂಬುದರಲ್ಲಿ ಹೆಚ್ಚು ತಕರಾರಿಲ್ಲ. ತಕರಾರು ಇರುವುದು ವ್ಯಾಪ್ತಿಯ ಬಗ್ಗೆ. ಇಂಡೋನೇಷ್ಯಾದ 1991ರಿಂದ 1999ರ ಅಂಕಿಅಂಶ ಹಿಡಿದು ಗೆರ್ಶನ್ ಫೆಡರ್, ರಿಂಕು ಮುರ್ಗಾಯ್, ಜೈಮ್ ಕಿಜೋನ್ 2004ರಲ್ಲಿ ಪ್ರಕಟಿಸಿದ ಅಧ್ಯಯನಕ್ಕೆ, ಶಾಲೆಗೆ ಹೋದವರಲ್ಲೂ ಅವರ ನೆರೆಯವರಲ್ಲೂ ಇಳುವರಿ, ಕೀಟನಾಶಕ ಬಳಕೆಯಲ್ಲಿ ಗಮನಾರ್ಹ ಬದಲಾವಣೆ ಕಾಣಲಿಲ್ಲ. ಮೂರು ವರ್ಷಗಳ ಬಳಿಕ ವ್ಯಾನ್ ಡೆನ್ ಬರ್ಗ್, ಜಿಗಿನ್ಸ್ ಬೇರೆ ಬೇರೆ ದೇಶಗಳ ಅಧ್ಯಯನ ಒಟ್ಟುಗೂಡಿಸಿ ಪ್ರಯೋಜನ ಖಂಡಿತ ಇದೆ ಎಂದು ವಾದಿಸಿದರು. 2014ರ ಒಂದು ದೊಡ್ಡ ಸಮೀಕ್ಷೆ ನಡುವಿನ ಉತ್ತರ ಕೊಟ್ಟಿತು: ಸಣ್ಣ ಪ್ರಮಾಣದಲ್ಲಿ, ಕಾಳಜಿಯಿಂದ ನಡೆಸಿದ ಕಡೆ ಕಲಿತವರಿಗೆ ಲಾಭವಿದೆ, ಪಕ್ಕದ ಹೊಲದವರಿಗೆ ಅದು ಹರಡುವುದಿಲ್ಲ. ನಾನು ಈ ಕೊನೆಯ ಮಾತನ್ನು ನಂಬುತ್ತೇನೆ. ಹೊಸ ತಳಿಯ ಬೀಜವನ್ನು ಬೇಲಿಯಾಚೆಗೆ ಒಂದು ಸೇರು ಕೊಟ್ಟು ಕಳಿಸಬಹುದು, ಎಲೆ ಮಗುಚಿ ನೋಡುವ ಅಭ್ಯಾಸವನ್ನು ಹಾಗೆ ಕಳಿಸಲಾಗದು.

ಇನ್ನೊಂದು ತೊಡಕೂ ಇದೆ. ಆರ್ಥಿಕ ನಷ್ಟದ ಮಟ್ಟ ಎಂಬುದು ಸರಾಸರಿಯ ಲೆಕ್ಕ. ಸಾಲ ಮಾಡಿ ಬಿತ್ತಿದವನು ಸರಾಸರಿಗೆ ಹೆದರುವುದಿಲ್ಲ, ಪೂರ್ತಿ ಕೈಕೊಡುವ ಆ ಒಂದು ವರ್ಷಕ್ಕೆ ಹೆದರುತ್ತಾನೆ. ಇನ್ನೆರಡು ದಿನ ಕಾಯಿರಿ ಎನ್ನುವ ಶಿಕ್ಷಕನಿಗೆ, ಕಾದು ಕೆಟ್ಟರೆ ಕಳೆದುಕೊಳ್ಳುವುದು ಏನೂ ಇಲ್ಲ.

ಅಂಗಡಿಯೇ ಪಾಠಶಾಲೆ

ಮೂರನೆಯದನ್ನು ಪಂಥ ಎಂದು ಯಾರೂ ಕರೆದಿಲ್ಲ, ಆದರೆ ಎಲ್ಲಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವುದು ಇಲ್ಲೇ. 2003ರ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಪ್ರಕಾರ ದೇಶದ ರೈತ ಕುಟುಂಬಗಳಲ್ಲಿ ಯಾವುದಾದರೊಂದು ಮೂಲದಿಂದ ಕೃಷಿ ಮಾಹಿತಿ ಪಡೆದವರು ಸುಮಾರು 40 ಪ್ರತಿಶತ. ಇತರ ಪ್ರಗತಿಪರ ರೈತರಿಂದ ಪಡೆದವರು 16.7, ಅಂಗಡಿಯವರಿಂದ 13.1, ರೇಡಿಯೋದಿಂದ 13. ಸರ್ಕಾರಿ ಕಾರ್ಯಕರ್ತರಿಂದ 5.7 ಮಾತ್ರ.

ನವೆಂಬರಿನ ಒಂದು ಸಂಜೆ ತೊಗರಿ ಸೀಮೆಯ ಯಾವುದೇ ತಾಲ್ಲೂಕು ಕೇಂದ್ರದ ಗೊಬ್ಬರದ ಅಂಗಡಿ ಮುಂದೆ ಇಂಥ ಮಾತು ಕಿವಿಗೆ ಬೀಳುತ್ತದೆ:

"ತೊಗರಿಗಿ ಹುಳ ಬಿದ್ದಾವ್ರೀ, ಏನರ ಛಲೋ ಎಣ್ಣಿ ಕೊಡ್ರಿ."

"ಎಷ್ಟ್ ಎಕರೆ ಅದ ಕಾಕಾ?"

"ನಾಕ ಎಕರೆ."

"ಹೋದ ವಾರ ಯಾವ್ದು ಹೊಡ್ದಿದ್ರಿ?"

"ನೀವೇ ಕೊಟ್ಟಿದ್ದಲ್ರೀ ಸಾವ್ಕಾರ್ರ!"

ಹೋದ ವಾರದ ಬಾಟಲಿ ಕೆಲಸ ಮಾಡದಿದ್ದರೆ ಈ ವಾರ ಎರಡು ಬಾಟಲಿ, ಜೊತೆಗೆ ಹೂ ಉದುರದಂತೆ ಒಂದು ಟಾನಿಕ್ಕು. ಲೆಕ್ಕ ಉದ್ರಿ ಪುಸ್ತಕಕ್ಕೆ, ತೀರಿಸುವುದು ರಾಶಿ ಆದ ಮೇಲೆ. ಹುಳು ಯಾವುದು, ಎಷ್ಟು ದೊಡ್ಡದು, ಗಿಡಕ್ಕೆ ಎಷ್ಟು ಎಂಬ ಪ್ರಶ್ನೆ ಈ ಮಾತುಕತೆಯಲ್ಲಿ ಬರುವುದೇ ಇಲ್ಲ.

ಆದರೂ ಅಂಗಡಿಯವನನ್ನು ಖಳನಾಯಕ ಮಾಡಿ ಮುಗಿಸುವುದು ನ್ಯಾಯವಲ್ಲ. ಹುಳು ಬಿದ್ದ ವಾರ ರಾತ್ರಿ ಎಂಟರವರೆಗೂ ಬಾಗಿಲು ತೆರೆದಿಟ್ಟಿರುವವನು ಅವನೊಬ್ಬನೇ. ಉದ್ರಿ ಕೊಡುವವನೂ ಅವನೇ. ಅವನನ್ನೇ ತಿದ್ದಬಹುದೆಂಬ ಯೋಚನೆಯಿಂದ ಹೈದರಾಬಾದಿನ 'ಮ್ಯಾನೇಜ್' ಸಂಸ್ಥೆ 2003ರಲ್ಲಿ ಕೃಷಿ ಪರಿಕರ ಮಾರಾಟಗಾರರಿಗೆ ಒಂದು ವರ್ಷದ ಡಿಪ್ಲೊಮಾ ಶುರುಮಾಡಿತು. 2015ರಲ್ಲಿ ಕೀಟನಾಶಕ ಮಾರಲು ಸಂಬಂಧಪಟ್ಟ ವಿಜ್ಞಾನದ ಪದವಿ ಬೇಕೆಂಬ ನಿಯಮವೂ ಬಂತು, ಹಳಬರಿಗೆ ಮುಂದೆ ಸಡಿಲಿಕೆ ಸಿಕ್ಕಿತು. ಓದಿಕೊಂಡ ಅಂಗಡಿಯವನು ಕಡಿಮೆ ತಪ್ಪು ಹೇಳುತ್ತಾನೆ ಎಂಬುದು ನಿಜ. "ಈ ವಾರ ಏನೂ ಬೇಡ, ಮನೆಗೆ ಹೋಗ್ರಿ" ಎಂದು ಅವನು ಹೇಳಬೇಕಾದರೆ ಡಿಪ್ಲೊಮಾ ಸಾಲದು.

ಅಂಗಡಿಯಿಂದ ಹೊಲಕ್ಕೆ ಹೋಗುವ ದಾರಿಯಲ್ಲಿ ಇನ್ನೊಂದು ಪಾಠ ಕಳೆದುಹೋಗುತ್ತದೆ. ಮೆಕ್ಕೆಜೋಳದ ಫಾಲ್ ಸೈನಿಕ ಹುಳುವಿಗೆ ಎಮಾಮೆಕ್ಟಿನ್ ಬೆಂಜೊಯೇಟ್ ಲೀಟರಿಗೆ 0.4 ಗ್ರಾಂ ಎನ್ನುತ್ತದೆ ಶಿಫಾರಸು. ಬೆನ್ನಿಗೆ ಕಟ್ಟುವ ಪಂಪು 16 ಲೀಟರಿನದು, ಅಂದರೆ ಒಂದು ಪಂಪಿಗೆ 6.4 ಗ್ರಾಂ. ಹೊಲದಲ್ಲಿ ತಕ್ಕಡಿ ಎಲ್ಲಿಂದ ಬರಬೇಕು? ಅಳತೆಗೆ ಇರುವುದು ಬಾಟಲಿಯ ಮುಚ್ಚಳ ಅಥವಾ ಚಮಚ. ಬೆಳೆದ ಬೆಳೆಗೆ ಎಕರೆಗೆ 200 ಲೀಟರ್ ನೀರು ಬೇಕೆಂದರೆ ಹನ್ನೆರಡೂವರೆ ಪಂಪು. ನೀರು ದೂರದಿಂದ ಹೊರಬೇಕಾದಾಗ ಅದು ಆರೇಳಕ್ಕೆ ಇಳಿಯುತ್ತದೆ, ಔಷಧಿ ಮಾತ್ರ ಅಷ್ಟೇ ಬೀಳುತ್ತದೆ. ಹೊಡೆಯುವವನು ಹೊಲದ ಒಡೆಯನಲ್ಲ, ಪಂಪಿಗಿಷ್ಟು ಎಂದು ಕೂಲಿ ಪಡೆಯುವವನು. ಇಷ್ಟೆಲ್ಲ ತರಬೇತಿಗಳಲ್ಲಿ ಅವನನ್ನು ಕರೆದು ಕೂರಿಸಿದ್ದು ಅಪರೂಪ.

ಬೀಜದೊಳಗೇ ಉತ್ತರ

ಎಂಬತ್ತರ ದಶಕದ ಆರಂಭದಲ್ಲಿ ಬಂದ ಹೊಸ ಕೀಟನಾಶಕಗಳಾದ ಪೈರೆಥ್ರಾಯ್ಡ್‌ಗಳು ಹತ್ತಿ, ತೊಗರಿಗೆ ವರದಂತೆ ಕಂಡವು. 1987ರಲ್ಲಿ ಆಂಧ್ರದ ಹತ್ತಿಯಲ್ಲಿ ಕಾಯಿಕೊರಕ ಅವಕ್ಕೆ ಸಾಯದಾಯಿತು. 1997-98ರ ಹಂಗಾಮಿನಲ್ಲಿ ವಾರಂಗಲ್‌ನ ಹತ್ತಿ, ಬೀದರಿನ ತೊಗರಿ ಕೈಕೊಟ್ಟು ರೈತರ ಆತ್ಮಹತ್ಯೆಗಳು ನಾಡಿನ ಗಮನಕ್ಕೆ ಬಂದವು. ಕರ್ನಾಟಕದಲ್ಲಿ ಈ ಆತ್ಮಹತ್ಯೆಗಳನ್ನು ಅಧ್ಯಯನ ಮಾಡಿ 2002ರಲ್ಲಿ ವರದಿ ಕೊಟ್ಟ ಸಮಿತಿಯ ಮುಖ್ಯಸ್ಥರು ಸ್ವತಃ ಕೀಟಶಾಸ್ತ್ರಜ್ಞರಾದ ಜಿ.ಕೆ. ವೀರೇಶ್.

ಅದೇ 2002ರ ಮಾರ್ಚ್‌ನಲ್ಲಿ ಕಾಯಿಕೊರಕವನ್ನು ಕೊಲ್ಲುವ ವಿಷವನ್ನು ಗಿಡವೇ ತಯಾರಿಸುವ ಬಿಟಿ ಹತ್ತಿಗೆ ಒಪ್ಪಿಗೆ ಸಿಕ್ಕಿತು. ರೈತನಿಗೆ ಕೀಟದ ಪಾಠ ಹೇಳುವ ತಾಪತ್ರಯ ಯಾಕೆ, ಬೀಜದೊಳಗೇ ಉತ್ತರ ಇಟ್ಟರಾಯಿತು ಎಂಬುದು ಈ ನಾಲ್ಕನೆಯ ಪಂಥದ ತಿರುಳು. ಮೊದಲ ವರ್ಷಗಳಲ್ಲಿ ಕಾಯಿಕೊರಕಕ್ಕೆ ಹೊಡೆಯುವ ಔಷಧಿ ನಿಜಕ್ಕೂ ಇಳಿಯಿತು, ಅದನ್ನು ಅಲ್ಲಗಳೆಯಲಾಗದು. ಆಮೇಲೆ ರಸ ಹೀರುವ ಕೀಟಗಳು ಹೆಚ್ಚಿದವು. ಗುಲಾಬಿ ಕಾಯಿಕೊರಕ ಮೊದಲು ಗುಜರಾತಿನಲ್ಲಿ, ನಂತರ ಉಳಿದೆಡೆ ಬಿಟಿಯನ್ನು ಜೀರ್ಣಿಸಿಕೊಂಡಿತು. 2020ರಲ್ಲಿ ಕೆ.ಆರ್. ಕ್ರಾಂತಿ ಮತ್ತು ಗ್ಲೆನ್ ಸ್ಟೋನ್ ಎರಡು ದಶಕಗಳ ಲೆಕ್ಕ ಹಾಕಿ, ಹತ್ತಿ ರೈತರು ಕೀಟನಾಶಕಕ್ಕೆ ಬಿಟಿ ಬರುವ ಮೊದಲಿಗಿಂತ ಹೆಚ್ಚು ಖರ್ಚು ಮಾಡುತ್ತಿದ್ದಾರೆ ಎಂದು ತೋರಿಸಿದರು. ಇದೇ ಸ್ಟೋನ್ 2007ರಲ್ಲಿ ವಾರಂಗಲ್‌ನ ಹಳ್ಳಿಗಳನ್ನು ನೋಡಿ ಹೇಳಿದ ಮಾತು ನಮ್ಮ ವಿಷಯಕ್ಕೆ ಇನ್ನೂ ಹತ್ತಿರದ್ದು. ಬೀಜದ ಬ್ರಾಂಡುಗಳು ವರ್ಷವರ್ಷ ಬದಲಾಗುವಾಗ ರೈತ ತನ್ನ ಹೊಲದಲ್ಲಿ ಪರೀಕ್ಷಿಸಿ ತಿಳಿಯುವ ಅವಕಾಶವೇ ಇರುವುದಿಲ್ಲ, ಪಕ್ಕದವನು ಕೊಂಡದ್ದನ್ನು ಇವನೂ ಕೊಳ್ಳುತ್ತಾನೆ, ಇದ್ದ ಕೌಶಲವೂ ಸವೆಯುತ್ತದೆ.

ಬಿಟಿಗೂ ಒಂದು ಪಾಠ ಅಂಟಿಕೊಂಡಿತ್ತು: ಹೊಲದ ಸುತ್ತ ಬಿಟಿಯಲ್ಲದ ಹತ್ತಿಯ ಆಶ್ರಯ ಸಾಲು ಬಿತ್ತಬೇಕು, ಅಲ್ಲಿ ಬದುಕಿದ ಹುಳುಗಳಿಂದ ನಿರೋಧಕ ಶಕ್ತಿ ಬೆಳೆಯುವುದು ತಡವಾಗುತ್ತದೆ. ಅದಕ್ಕೆಂದೇ ಬೀಜದ ಪೊಟ್ಟಣದ ಜೊತೆ ಇನ್ನೊಂದು ಸಣ್ಣ ಪೊಟ್ಟಣ ಬರುತ್ತಿತ್ತು. ಬಿತ್ತಿದವರು ಬಹಳ ಕಡಿಮೆ. ನಿನ್ನ ಸಾಲಿನಲ್ಲಿ ಹುಳು ಸಾಕಿ ಊರಿಗೆ ಉಪಕಾರ ಮಾಡು ಎಂದರೆ ಯಾರು ಕೇಳುತ್ತಾರೆ?

ಔಷಧಿಯೇ ಬೇಡ ಎನ್ನುವವರು

ಈ ಹೆಸರಿನಡಿ ಎರಡು ಬೇರೆ ಧಾರೆಗಳಿವೆ, ಒಂದೇ ಎಂದು ತಿಳಿಯುವುದು ತಪ್ಪು. ಒಂದು ತತ್ವದ ಧಾರೆ: ದೊಡ್ಡಬಳ್ಳಾಪುರದ ಎಲ್. ನಾರಾಯಣ ರೆಡ್ಡಿಯವರ ಸಾವಯವ, ಸುಭಾಷ್ ಪಾಳೇಕರರ ಶೂನ್ಯ ಬಂಡವಾಳದ ನೈಸರ್ಗಿಕ ಕೃಷಿ. ರೈತ ಸಂಘದ ಬೆಂಬಲದಿಂದ ಪಾಳೇಕರರ ಶಿಬಿರಗಳಿಗೆ ಕರ್ನಾಟಕದಲ್ಲಿ ಜನ ಸೇರಿದ ಪರಿ ಯಾವ ಇಲಾಖೆಯ ತರಬೇತಿಯೂ ಕಾಣದ್ದು. ಜೀವಾಮೃತ, ನೀಮಾಸ್ತ್ರ, ಅಗ್ನಿಅಸ್ತ್ರ ಮನೆಮಾತಾದವು. 2019ರಲ್ಲಿ ರಾಷ್ಟ್ರೀಯ ಕೃಷಿ ವಿಜ್ಞಾನ ಅಕಾಡೆಮಿ ಈ ಪದ್ಧತಿಗೆ ವೈಜ್ಞಾನಿಕ ಆಧಾರ ಸಾಲದೆಂದು ಆಕ್ಷೇಪ ಎತ್ತಿತು. ಪ್ರಯೋಗಾಲಯದ ವಾದ ಏನೇ ಇರಲಿ, ದಿನಗಟ್ಟಲೆ ನಡೆವ ಶಿಬಿರಕ್ಕೆ ರೈತ ಸ್ವಂತ ಖರ್ಚಿನಲ್ಲಿ ಹೋಗುತ್ತಾನೆ ಎಂಬುದು ಕೃಷಿ ಶಿಕ್ಷಣದವರು ಯೋಚಿಸಬೇಕಾದ ಸಂಗತಿ.

ಇನ್ನೊಂದು ಹೊಲದ ಧಾರೆ. ಕಲಬುರಗಿ ಕಡೆ ತೊಗರಿ ಗಿಡ ಅಲುಗಾಡಿಸಿ ಹುಳು ಉದುರಿಸುವ ರೂಢಿ ಹಳೆಯದು. ಇಬ್ಬರು ಗಿಡಗಳ ಬುಡಕ್ಕೆ ಹಾಳೆ ಹಿಡಿದು ಸಾಲಿನಲ್ಲಿ ಸಾಗುತ್ತಾರೆ, ಒಬ್ಬ ಗಿಡ ಹಿಡಿದು ಮೆಲ್ಲಗೆ ಝಾಡಿಸುತ್ತಾನೆ, ಹುಳುಗಳು ಹಾಳೆಗೆ ಬೀಳುತ್ತವೆ. ಔಷಧಿಗೆ ಬಗ್ಗದ ದೊಡ್ಡ ಹುಳುಗಳೇ ಹೆಚ್ಚು ಬೀಳುವುದು ಇದರ ವಿಶೇಷ. ತೊಂಬತ್ತರ ದಶಕದ ಕೊನೆಗೆ ಅಂತರರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್‌ನ ವಿಜ್ಞಾನಿಗಳು ಇದನ್ನು ಪರೀಕ್ಷಿಸಿ ಒಪ್ಪಿದರು. ಹಾಗೆ ಉದುರಿಸಿದ ಹುಳುಗಳನ್ನೇ ಬಳಸಿ ಎನ್‌ಪಿವಿ ನಂಜಾಣು ದ್ರಾವಣ ಮಾಡಿ, ಬೆಲ್ಲ ಬೆರೆಸಿ ಇಳಿಹೊತ್ತಿನಲ್ಲಿ ಸಿಂಪಡಿಸುವುದನ್ನೂ ರೈತರಿಗೆ ಕಲಿಸಿದರು. ಇಲ್ಲಿ ಮೇಷ್ಟ್ರು ಯಾರು, ವಿದ್ಯಾರ್ಥಿ ಯಾರು ಎಂದು ಹೇಳುವುದು ಕಷ್ಟ. 1988ರಿಂದ ಪುತ್ತೂರಿನ 'ಅಡಿಕೆ ಪತ್ರಿಕೆ' ಕೃಷಿಕರ ಕೈಗೇ ಲೇಖನಿ ಕೊಟ್ಟು ನಡೆಸಿಕೊಂಡು ಬಂದಿರುವ ಪ್ರಯೋಗ ಈ ಧಾರೆಯದೇ. ಬಯಲುಸೀಮೆಯ ಹೊಲದ ಬೆಳೆಗಳಿಗೆ ಅಂಥ ಗಟ್ಟಿ ಪತ್ರಿಕೆಯೊಂದು ಬೆಳೆದು ನಿಲ್ಲಲಿಲ್ಲ. ಅಡಿಕೆ ಬೆಳೆಗಾರನಿಗೆ ಇರುವ ಓದಿನ ಪುರಸೊತ್ತು ತೊಗರಿ ಬೆಳೆಗಾರನಿಗೆ ಇಲ್ಲವೆಂಬುದೂ ಒಂದು ಕಾರಣವಿರಬೇಕು.

ಅಂಗೈಯಲ್ಲಿನ ಸಲಹೆ

2004ರಲ್ಲಿ ಕಿಸಾನ್ ಕಾಲ್ ಸೆಂಟರ್, ಮುಂದೆ ರಾಯಚೂರು ಕೃಷಿ ವಿಶ್ವವಿದ್ಯಾನಿಲಯದ ಕೀಟ ಸಲಹಾ ತಂತ್ರಾಂಶ ಇ-ಸ್ಯಾಪ್, 2024ರಲ್ಲಿ ಕೇಂದ್ರದ ರಾಷ್ಟ್ರೀಯ ಕೀಟ ಕಣ್ಗಾವಲು ವ್ಯವಸ್ಥೆ. ಈಗಂತೂ ಎಲೆಯ ಫೋಟೋ ತೆಗೆದರೆ ರೋಗದ ಹೆಸರು ಹೇಳುವ ಆ್ಯಪ್‌ಗಳು ಹಲವು. ಹುಳು ಬಿದ್ದ ದಿನವೇ ಉತ್ತರ ಸಿಗುವುದು ಇವುಗಳ ದೊಡ್ಡ ಗುಣ. 2018ರ ಮೇ ತಿಂಗಳಲ್ಲಿ ಶಿವಮೊಗ್ಗದ ಮೆಕ್ಕೆಜೋಳದಲ್ಲಿ ಫಾಲ್ ಸೈನಿಕ ಹುಳುವನ್ನು ದೇಶದಲ್ಲೇ ಮೊದಲಿಗೆ ಗುರುತಿಸಿದ್ದು ಅಲ್ಲಿನ ಕೃಷಿ ವಿಶ್ವವಿದ್ಯಾನಿಲಯದ ಕೀಟಶಾಸ್ತ್ರಜ್ಞರು. ಅಕ್ಕಿ ತೌಡು, ಬೆಲ್ಲ ಕಲಸಿ ಒಂದು ದಿನ ಇಟ್ಟು, ಬಳಸುವ ಮುಂಚೆ ಥಯೋಡಿಕಾರ್ಬ್ ಬೆರೆಸಿ ಸುಳಿಗೆ ಹಾಕುವ ವಿಷಪಾಷಾಣದ ಸುದ್ದಿ ದಾವಣಗೆರೆ, ಹಾವೇರಿಯ ರೈತರಿಗೆ ಬೇಗ ಮುಟ್ಟಿದ್ದರಲ್ಲಿ ವಾಟ್ಸ್ಆ್ಯಪ್ ಪಾಲು ದೊಡ್ಡದು. ಆದರೆ ಫೋಟೋ ನೋಡಿ ಉತ್ತರಿಸುವ ಯಂತ್ರಕ್ಕೆ ರೋಗದ ಹೆಸರು ಗೊತ್ತು, ಗಿಡಕ್ಕೆ ಎಷ್ಟು ಹುಳು ಎಂಬುದು ಗೊತ್ತಿಲ್ಲ. ಹೆಸರಿನ ಕೆಳಗೇ ಔಷಧಿಯ ಜಾಹೀರಾತು ಬಂದರೆ ಮತ್ತೆ ಅಂಗಡಿಯ ಕಥೆಯೇ.

ಹುಳುವಿಗೆ ಪಹಣಿ ಇಲ್ಲ

ಇಷ್ಟು ಪಂಥಗಳು ಒಬ್ಬರ ಮಾತು ಒಬ್ಬರಿಗೆ ಕೇಳಿಸದಂತೆ ವಾದಿಸುವುದಕ್ಕೆ ಕಾರಣ, ಒಂದೊಂದು ಪಂಥವೂ ಮನಸ್ಸಿನಲ್ಲಿಟ್ಟುಕೊಂಡ ಹುಳು ಬೇರೆ ಎಂದು ನನಗೆ ಅನ್ನಿಸುತ್ತದೆ. ಗದ್ದೆಯ ಜಿಗಿಹುಳುವಿಗೆ ಕ್ಷೇತ್ರ ಪಾಠಶಾಲೆ ಹೇಳಿ ಮಾಡಿಸಿದಂತಿದೆ: ಕೈ ತಡೆದರೆ ಮಿತ್ರ ಕೀಟಗಳೇ ಅರ್ಧ ಕೆಲಸ ಮಾಡುತ್ತವೆ. ಹೊಸದಾಗಿ ಬಂದ ಸೈನಿಕ ಹುಳುವಿಗೆ ಬೇಗ ಮುಟ್ಟುವ ಸುದ್ದಿ ಬೇಕು. 2022ರ ಹಂಗಾಮಿನಲ್ಲಿ ಕಲಬುರಗಿಯ ತೊಗರಿಯನ್ನು ಒಣಗಿಸಿದ ನೆಟೆ ರೋಗಕ್ಕೆ ಇವ್ಯಾವೂ ಉಪಯೋಗಕ್ಕೆ ಬರುವುದಿಲ್ಲ. ಗಿಡ ಬಾಡಿದ ಮೇಲೆ ಏನು ಹೊಡೆದರೂ ವ್ಯರ್ಥ. ಅದರ ಪಾಠ ಬಿತ್ತುವ ಮೊದಲೇ ಮುಗಿದಿರಬೇಕು, ನಿರೋಧಕ ತಳಿ, ಟ್ರೈಕೋಡರ್ಮಾದ ಬೀಜೋಪಚಾರ, ಬೆಳೆ ಬದಲಾವಣೆ ಎಂದು.

ಇನ್ನು ಕೆಲವು ಹುಳುಗಳಿಗೆ ಒಬ್ಬ ರೈತನಿಗೆ ಕಲಿಸಿ ಪ್ರಯೋಜನವೇ ಇಲ್ಲ. ಚಳ್ಳಕೆರೆ, ಪಾವಗಡದ ಶೇಂಗಾ ಹೊಲದ ಕೆಂಪು ತಲೆ ಕಂಬಳಿ ಹುಳುವನ್ನು ನೋಡಿ. ಮಣ್ಣಿನಲ್ಲಿ ತಿಂಗಳುಗಟ್ಟಲೆ ಮಲಗಿದ್ದ ಕೋಶದಿಂದ ಮೊದಲ ಹದ ಮಳೆಗೆ ಪತಂಗಗಳು ಒಟ್ಟಿಗೇ ಏಳುತ್ತವೆ. ಆ ಕೆಲವೇ ರಾತ್ರಿ ಊರ ಹೊಲಗಳಲ್ಲೆಲ್ಲ ಬೆಂಕಿಯೋ ಬೆಳಕಿನ ಬಲೆಯೋ ಇಟ್ಟರೆ ಮೊಟ್ಟೆಯಿಡುವ ಮೊದಲೇ ಅವು ಸಾಯುತ್ತವೆ. ಒಬ್ಬನೇ ಬೆಂಕಿ ಹಾಕಿದರೆ ಊರಿನ ಪತಂಗವೆಲ್ಲ ಅವನ ಹೊಲಕ್ಕೇ ಬರುತ್ತದೆ. ಆಂಧ್ರದಲ್ಲಿ ಕೀಟನಾಶಕರಹಿತ ನಿರ್ವಹಣೆಯ ಚಳವಳಿ ಮೊಳೆತದ್ದು ಇದೇ ಹುಳುವಿನ ಎದುರು, ಊರೊಟ್ಟಿನ ಕೆಲಸವಾಗಿ. ಆಗಿನ ಖಮ್ಮಂ ಜಿಲ್ಲೆಯ ಪುನುಕುಲ ಎಂಬ ಹಳ್ಳಿ ಇಡೀ ಊರೇ ಔಷಧಿ ಬಿಟ್ಟಿತೆಂದು ಘೋಷಿಸಿಕೊಂಡಿತು. ನಮ್ಮಲ್ಲಿ ತರಬೇತಿಯ ಹಾಜರಿ ಪುಸ್ತಕ ಇನ್ನೂ ಒಬ್ಬೊಬ್ಬರ ಪಹಣಿ ಲೆಕ್ಕದಲ್ಲೇ ನಡೆಯುತ್ತದೆ.

ಬಗೆಹರಿಯದೆ ಉಳಿದದ್ದು

ಮೊದಲನೆಯದು ರೈತ ಯಾರು ಎಂಬುದು. ಪಹಣಿಯಲ್ಲಿ ಹೆಸರಿದ್ದವನು ಪಟ್ಟಣದಲ್ಲಿದ್ದಾನೆ, ಹೊಲ ಲಾವಣಿಗೆ ಮಾಡಿದವನು ಇಲಾಖೆಯ ಪಟ್ಟಿಯಲ್ಲಿ ಇಲ್ಲ. ಕಳೆ ತೆಗೆಯುತ್ತ ಗಿಡಗಳ ನಡುವೆ ಬಗ್ಗಿರುವ ಹೆಣ್ಣುಮಕ್ಕಳಿಗೆ ಹುಳು ಎಲ್ಲರಿಗಿಂತ ಮೊದಲು ಕಾಣುತ್ತದೆ. ಹೊಡೆಯುವ ತೀರ್ಮಾನದಲ್ಲಿ ಅವರ ಮಾತಿಲ್ಲ, ತರಬೇತಿಯಲ್ಲಿ ಅವರಿಗೆ ಕುರ್ಚಿ ಕಡಿಮೆ. ಇವರೆಲ್ಲರಿಗೂ ಒಂದೇ ಪಾಠ ಸಾಕೋ, ಬೇರೆ ಬೇರೆ ಬೇಕೋ ಎಂಬುದನ್ನು ಗಂಭೀರವಾಗಿ ಪರೀಕ್ಷಿಸಿ ನೋಡುವ ಕೆಲಸ ಇನ್ನೂ ಆಗಬೇಕಿದೆ.

ಎರಡನೆಯದು ಸಲಹೆಯನ್ನೂ ಮಾರಾಟವನ್ನೂ ಬೇರ್ಪಡಿಸಬಹುದೇ ಎಂಬುದು. ಬೇರ್ಪಡಿಸಿದರೆ ಸಲಹೆಗೆ ದುಡ್ಡು ಯಾರು ಕೊಡಬೇಕು? ರೈತನೇ ಕೊಡಲಿ ಎನ್ನುವವರು ಉದ್ರಿಯ ಲೆಕ್ಕ ಮರೆಯುತ್ತಾರೆ, ಸರ್ಕಾರವೇ ಕೊಡಲಿ ಎನ್ನುವವರು ರೈತ ಸಂಪರ್ಕ ಕೇಂದ್ರದ ಖಾಲಿ ಹುದ್ದೆಗಳನ್ನು ಮರೆಯುತ್ತಾರೆ. ರೈತ ಉತ್ಪಾದಕ ಸಂಸ್ಥೆಗಳೇ ಒಬ್ಬ ಕೀಟ ಕಾವಲುಗಾರನನ್ನು ನೇಮಿಸಿಕೊಳ್ಳಲಿ ಎಂಬ ಸಲಹೆ ನನಗೆ ಹಿಡಿಸುತ್ತದೆ. ಆದರೆ ಆ ಸಂಸ್ಥೆಗಳಲ್ಲಿ ಹಲವು ತಾವೇ ಗೊಬ್ಬರ, ಔಷಧಿ ಮಾರಿ ಬದುಕುತ್ತಿವೆ.

ಕಲಿಕೆಯನ್ನು ಅಳೆಯುವುದು ಹೇಗೆ ಎಂಬುದೂ ಹಾಗೇ ಉಳಿದಿದೆ. ನಡೆಸಿದ ತರಬೇತಿ ಎಷ್ಟು, ಬಂದವರೆಷ್ಟು ಎಂಬುದು ವರದಿಗೆ ಬರುತ್ತದೆ. ಒಂದು ಊರಿನಲ್ಲಿ ತೊಗರಿಗೆ ಎಷ್ಟು ಸಲ ಹೊಡೆದರು, ಅದರಲ್ಲಿ ಎಷ್ಟು ಸಲ ಹುಳು ನಷ್ಟದ ಮಟ್ಟ ಮುಟ್ಟಿತ್ತು ಎಂಬುದು ಬರುವುದಿಲ್ಲ.

ಎಲ್ಲಕ್ಕಿಂತ ಕಠಿಣವಾದದ್ದು ಕಲಿಕೆಗೂ ಕಟ್ಟಳೆಗೂ ನಡುವಿನ ಗೆರೆ. ಗುಲಾಬಿ ಕಾಯಿಕೊರಕದ ಕೊಂಡಿ ಮುರಿಯಬೇಕಾದರೆ ಹತ್ತಿ ಬೆಳೆಯನ್ನು ಡಿಸೆಂಬರಿಗೆ ಮುಗಿಸಿ ಕಡ್ಡಿ ಕಿತ್ತು ನಾಶ ಮಾಡಬೇಕು, ಅದೂ ಊರಿನವರೆಲ್ಲ ಒಟ್ಟಿಗೆ ಎನ್ನುತ್ತಾರೆ ವಿಜ್ಞಾನಿಗಳು. ರಾಯಚೂರು ಕಡೆ ಕಾಲುವೆ ನೀರು ಸಿಗುವ ಹೊಲದಲ್ಲಿ ಜನವರಿಯಲ್ಲೂ ಗಿಡದ ತುಂಬ ಕಾಯಿ ಇರುತ್ತದೆ; ಇನ್ನೊಂದು ಬಿಡಿಸುವಿಕೆಗೆ ಸಾಲದ ಒಂದು ಕಂತು ತೀರುತ್ತದೆ. ಮುಂದಿನ ವರ್ಷ ಹುಳು ಕಡಿಮೆಯಾಗುತ್ತದೆ ಎಂಬುದು ಆ ರೈತನಿಗೆ ಚೆನ್ನಾಗಿ ಗೊತ್ತು, ಅದನ್ನು ಅವನು ಬೇರೆಯವರಿಗೂ ವಿವರಿಸಬಲ್ಲ. ಅವನು ಬಿಟ್ಟುಕೊಡುವ ಆ ಬಿಡಿಸುವಿಕೆಯ ಹತ್ತಿಗೆ ಬೆಲೆ ಕಟ್ಟಿಕೊಡುವವರು ಯಾರು, ಊರೋ, ಸರ್ಕಾರವೋ, ಬೀಜದ ಕಂಪನಿಯೋ ಎಂಬುದನ್ನು ಯಾರೂ ತೀರ್ಮಾನಿಸಿಲ್ಲ.